ಒಂದೇ ಮಾರಾಟಕ್ಕೆ ಮೂರು ಥರ ಲಾಭ ಬರ್ತಿದೆ, ಯಾವುದನ್ನು ನಂಬೋದು?

ಪ್ರಶ್ನೆ: ಸ್ಪಾಟ್ ಶೀಟ್
ಈಥರ್ (ಈಥರಿಯಂ ಜಾಲದ ಕ್ರಿಪ್ಟೋ ಕಾಯಿನ್) ಮೂರು ಕಂತಲ್ಲಿ ಕೊಂಡಿದ್ದು: 0.5 ಈಥರ್ 2000 ದರದಲ್ಲಿ, 0.3 ಈಥರ್ 2600ರಲ್ಲಿ, 0.2 ಈಥರ್ 3100ರಲ್ಲಿ. ಎಲ್ಲ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ಲೆಕ್ಕ. ಆಮೇಲೆ 0.6 ಅನ್ನು 2800ಕ್ಕೆ ಮಾರಿದೆ. ಶುಲ್ಕ ಎರಡೂ ಕಡೆ 0.1%. ನನ್ನ ಶೀಟ್ ಲಾಭ 240 ಅನ್ನುತ್ತೆ, ಎಕ್ಸ್‌ಚೇಂಜ್ 236.88 ಅನ್ನುತ್ತೆ, ಟ್ಯಾಕ್ಸ್ ಆಪ್ 416.76 ತೋರಿಸ್ತಿದೆ. ಬರೀ ಸ್ಪಾಟ್ (ಕಾಯಿನ್ ನೇರವಾಗಿ ಕೊಂಡು ಮಾರೋದು), ಫ್ಯೂಚರ್ಸ್ (ಕಾಯಿನ್ ಕೊಳ್ಳದೆ ಅದರ ಬೆಲೆಯ ಮೇಲೆ ಮಾಡುವ ಒಪ್ಪಂದ) ಇಲ್ಲ. ನೀವೆಲ್ಲ ಹೇಗೆ ಲೆಕ್ಕ ಇಡ್ತೀರಿ?

ಸರಾಸರಿ ಸಾಕು
240ಕ್ಕೂ 236.88ಕ್ಕೂ ನಡುವಿನ 3.12 ಶುಲ್ಕಕ್ಕೆ ಹೋಗಿದೆ. ಕೊಳ್ಳುವಾಗ ಶುಲ್ಕ ಕಾಯಿನ್‌ನಲ್ಲೇ ಮುರಿದುಕೊಳ್ತಾರೆ, ಮಾರುವಾಗ ಯುಎಸ್‌ಡಿಟಿಯಲ್ಲಿ. 2400 ಕೊಟ್ಟಿರಿ, ಕೈಗೆ ಬಂದದ್ದು 0.999. ಹಾಗಾಗಿ ಒಂದು ಈಥರ್‌ನ ಅಸಲು 2400 ಅಲ್ಲ, 2402.40. 0.6ಕ್ಕೆ 1441.44 ಆಯ್ತು. ಮಾರಿದ್ದು 1680, ಅದರಲ್ಲಿ ಶುಲ್ಕ 1.68 ಹೋಗಿ 1678.32. ಕಳೆದು ನೋಡಿ, 236.88.

ಅಸಲು ಹುಟ್ಟುವ ಬೆಲೆ ಬೇಕಿದ್ದರೆ ಕೊಂಡ ಬೆಲೆಯನ್ನು 0.999ರಿಂದ ಎರಡು ಸಲ ಭಾಗಿಸಿ. 2400ಕ್ಕೆ ಅದು 2404.81. ಅದಕ್ಕಿಂತ ಕೆಳಗೆ ಮಾರಿದರೆ ಸ್ಕ್ರೀನ್ ಹಸಿರಿದ್ದರೂ ನಷ್ಟವೇ. ತೂಕದ ಸರಾಸರಿ (ಒಟ್ಟು ಕೊಟ್ಟದ್ದನ್ನು ಒಟ್ಟು ಕಾಯಿನ್‌ನಿಂದ ಭಾಗಿಸೋದು) ಬಿಟ್ಟು ಬೇರೆ ವಿಧಾನ ದಿನನಿತ್ಯದ ಟ್ರೇಡಿಂಗ್‌ಗೆ ಬೇಡವೇ ಬೇಡ.

ಲಾಟ್ ಲೆಕ್ಕ
ಬೇಡವೇ ಬೇಡ ಅಂತ ಅಷ್ಟು ಸಲೀಸಾಗಿ ಹೇಳಬೇಡಿ. ಆಪ್ ತೋರಿಸಿದ 416.76 ಕೂಡ ಸರಿಯೇ, ಅದು ಮೊದಲು ಬಂದದ್ದು ಮೊದಲು ಹೋಗುವ ಲೆಕ್ಕ, ಅಂದರೆ ಫೀಫೋ. 2000ದ ಲಾಟ್ (ಒಂದು ಸಲಕ್ಕೆ ಕೊಂಡ ಕಂತು, ಶುಲ್ಕ ಹೋಗಿ 0.4995) ಪೂರ್ತಿ ಖಾಲಿಯಾಗಿ 2600ರ ಲಾಟ್‌ನಿಂದ 0.1005 ಹೋಗುತ್ತೆ. ಶುಲ್ಕ ಬಿಟ್ಟು ನೋಡಿದರೆ ಫೀಫೋದಲ್ಲಿ ಲಾಭ 420, ಸರಾಸರಿಯಲ್ಲಿ 240, ದುಬಾರಿ ಲಾಟ್ ಮೊದಲು ಮಾರಿದಂತೆ ಹಿಡಿದರೆ ಬರೀ 80.

ಉಳಿದ 0.4ರ ಅಸಲು ನೋಡಿ: ಫೀಫೋದಲ್ಲಿ 1140, ಸರಾಸರಿಯಲ್ಲಿ 960, ದುಬಾರಿ ಮೊದಲು ಅಂದರೆ 800. ಇವತ್ತಿನ ಲಾಭ ಮತ್ತು ಉಳಿದ ಅಸಲು ಒಟ್ಟಿಗೇ ಏರುತ್ತೆ, ಒಟ್ಟಿಗೇ ಇಳಿಯುತ್ತೆ. ಎಲ್ಲಾ ಮಾರಿ ಮುಗಿಸಿದ ದಿನ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ತೆರಿಗೆಗೆ ಯಾವುದು ಅನ್ನೋದು ನಿಮ್ಮ ಇಷ್ಟವಲ್ಲ, ಆಯಾ ದೇಶದ ಕಾನೂನು ಹೇಳಬೇಕು. ಸರಾಸರಿಯಲ್ಲಿ ಲಾಟ್‌ಗಳ ದಿನಾಂಕ ಅಳಿಸಿಹೋಗುತ್ತೆ. ಎಷ್ಟು ದಿನ ಇಟ್ಟುಕೊಂಡಿರಿ ಅಂತ ಕೇಳುವ ಕಡೆ ಆಗ ಏನು ಉತ್ತರ ಕೊಡ್ತೀರಿ?

ಸರಾಸರಿ ಸಾಕು
ತೆರಿಗೆ ಯಾರು ಕೇಳಿದರು ಸ್ವಾಮಿ? ಈ ಕಾಯಿನ್‌ನಲ್ಲಿ ನಾನು ಎಲ್ಲಿದ್ದೇನೆ ಅಂತ ತಿಳಿಯೋಕೆ ಸರಾಸರಿ. ಲಾಟ್ ಲಾಟ್ ಅಂತ ದಿನಕ್ಕೆ ಐವತ್ತು ಫಿಲ್ (ಆರ್ಡರ್‌ನ ಒಂದೊಂದು ತುಂಡು ವಹಿವಾಟು) ಆಗುವವನು ಶೀಟ್ ತುಂಬಿಕೊಂಡೇ ಕೂರಬೇಕಾಗುತ್ತೆ.

ಲಾಟ್ ಲೆಕ್ಕ
ಟ್ಯಾಕ್ಸ್ ಆಪ್ ಅಂತ ಪ್ರಶ್ನೆಯಲ್ಲೇ ಇದೆ, ಓದಿ. ಫಿಲ್ ಕೈಯಲ್ಲಿ ತುಂಬೋದಲ್ಲ, ಟ್ರೇಡ್ ಹಿಸ್ಟರಿ ಸಿಎಸ್‌ವಿ (ಶೀಟ್‌ನಲ್ಲಿ ತೆರೆಯುವ ಫೈಲ್) ಇಳಿಸಿಕೊಳ್ಳಬೇಕು. ಆರ್ಡರ್ ಹಿಸ್ಟರಿ ಅಲ್ಲ, ಟ್ರೇಡ್ ಹಿಸ್ಟರಿ. ಆರ್ಡರ್ ಫೈಲ್‌ನಲ್ಲಿ ಸರಾಸರಿ ಬೆಲೆ ಒಂದೇ ಸಾಲಲ್ಲಿ ಬರುತ್ತೆ, ಶುಲ್ಕ ಯಾವ ಕಾಯಿನ್‌ನಲ್ಲಿ ಹೋಯ್ತು ಅನ್ನೋದು ಎಷ್ಟೋ ಕಡೆ ಇರೋದೇ ಇಲ್ಲ.

ಎಂಟು ತಾಸು
ನೀವು 3.12ಕ್ಕೆ ಇಷ್ಟು ಕಿತ್ತಾಡ್ತಿದ್ದೀರಿ. ಪರ್ಪೆಚುವಲ್‌ನಲ್ಲಿ (ಮುಗಿಯುವ ದಿನಾಂಕ ಇಲ್ಲದ ಫ್ಯೂಚರ್ಸ್) ಲೆಕ್ಕ ತಪ್ಪಿದರೆ ಮಾರ್ಜಿನ್ನೇ (ನೀವು ಒತ್ತೆ ಇಟ್ಟ ಹಣ) ಕರಗುತ್ತೆ. ಮಾರ್ಜಿನ್ 500, ಹತ್ತು ಪಟ್ಟು ಲಿವರೇಜ್ ಅಂದರೆ ಪೊಸಿಷನ್ 5000. ಶುಲ್ಕ ಬೀಳೋದು 5000ದ ಮೇಲೆ, 500ರ ಮೇಲಲ್ಲ. ಟೇಕರ್ ಶುಲ್ಕ (ಆಗಲೇ ಕಾದಿರುವ ಆರ್ಡರ್ ಎತ್ತಿಕೊಂಡರೆ ಬೀಳೋದು) 0.05% ಹಿಡಿದರೆ ಒಳಗೆ ಹೋಗಲು 2.5, ಹೊರಗೆ ಬರಲು 2.5. ಬೆಲೆ ಕದಲುವ ಮೊದಲೇ ಮಾರ್ಜಿನ್‌ನ 1% ಹೋಯಿತು.

ಅದರ ಮೇಲೆ ಫಂಡಿಂಗ್ (ಏರಿಕೆಗೆ ಹಿಡಿದವರೂ ಇಳಿಕೆಗೆ ಹಿಡಿದವರೂ ಒಬ್ಬರಿಗೊಬ್ಬರು ಕೊಡುವ ಹಣ), ಹೆಚ್ಚಿನ ಕಡೆ ಎಂಟು ತಾಸಿಗೊಮ್ಮೆ. ದರ 0.01% ಇದ್ದರೆ ಸಲಕ್ಕೆ 0.5, ದಿನಕ್ಕೆ 1.5. ಇಪ್ಪತ್ತು ದಿನ ಲಾಂಗ್ (ಬೆಲೆ ಏರುತ್ತೆ ಅಂತ) ಹಿಡಿದು ಕೂತರೆ 30. ಶುಲ್ಕ ಸೇರಿ 35, ಅಂದರೆ ಬೆಲೆ 0.7% ಏರಿದ ಮೇಲೇ ಅಸಲು. ಮಾರುಕಟ್ಟೆ ಬಿಸಿಯಾಗಿ ದರ 0.05% ಆದರೆ ದಿನಕ್ಕೆ 7.5, ಮಾರ್ಜಿನ್‌ನ 1.5%. ಫಂಡಿಂಗ್ ಆ ಹೊತ್ತಿನ ಮಾರ್ಕ್ ಬೆಲೆಯ (ಎಕ್ಸ್‌ಚೇಂಜ್ ಲೆಕ್ಕಕ್ಕೆ ಹಿಡಿಯುವ ಬೆಲೆ) ಮೇಲೆ ಬೀಳುತ್ತೆ, ನೀವು ಕೊಂಡ ಬೆಲೆಯ ಮೇಲಲ್ಲ. ಬೆಲೆ ಏರಿದ ಹಾಗೆ ಅದೂ ಏರುತ್ತೆ. ಹಲವು ಕಡೆ "ರಿಯಲೈಸ್ಡ್ ಪಿಎನ್‌ಎಲ್" (ಕೈಸೇರಿದ ಲಾಭ ನಷ್ಟ) ಕಾಲಂನಲ್ಲಿ ಶುಲ್ಕವೂ ಇಲ್ಲ, ಫಂಡಿಂಗೂ ಇಲ್ಲ. ಟ್ರಾನ್ಸಾಕ್ಷನ್ ಹಿಸ್ಟರಿ ಬೇರೆಯಾಗಿ ತೆಗೆದು ಮೂರನ್ನೂ ಕೂಡಿಸಿ.

ಸರಾಸರಿ ಸಾಕು
ಪ್ರಶ್ನೆ ಸ್ಪಾಟ್ ಬಗ್ಗೆ.

ಎಂಟು ತಾಸು
ಸ್ಪಾಟ್‌ನಲ್ಲಿ ಶುರು ಮಾಡಿದವರೇ ನಾಳೆ ಅಲ್ಲಿಗೆ ಬರೋದು. ಈಗಲೇ ಗೊತ್ತಿರಲಿ.

ಗ್ಯಾಸ್ ಕಾಗದ
ಎಕ್ಸ್‌ಚೇಂಜ್ ಬಿಟ್ಟು ಹೊರಗಿನದ್ದೂ ಹೇಳ್ತೀನಿ. ಈಥರಿಯಂ ಮೇಲೆ ಸ್ವಾಪ್ (ಒಂದು ಟೋಕನ್ ಕೊಟ್ಟು ಇನ್ನೊಂದು ಪಡೆಯೋದು) ಮಾಡುವಾಗ ಖರ್ಚು ಮೊತ್ತ ನೋಡಿ ಬರಲ್ಲ, ಕೆಲಸ ನೋಡಿ ಬರುತ್ತೆ. ಅಪ್ರೂವ್‌ಗೆ (ಟೋಕನ್ ಬಳಸಲು ಅನುಮತಿ ಕೊಡೋದು) ಸುಮಾರು 46,000 ಗ್ಯಾಸ್ (ಜಾಲದ ಕೆಲಸ ಅಳೆಯುವ ಮಾನ), ಸ್ವಾಪ್‌ಗೆ 1,50,000 ಅಂತ ಇಟ್ಟುಕೊಳ್ಳಿ. ಗ್ಯಾಸ್ ದರ 30 ಗ್ವೇ (ಈಥರ್‌ನ ನೂರು ಕೋಟಿಯಲ್ಲೊಂದು ಪಾಲು) ಇದ್ದರೆ ಒಟ್ಟು 0.00588 ಈಥರ್. 0.1 ಈಥರ್ ಮೌಲ್ಯದ ಟೋಕನ್ ಸ್ವಾಪ್‌ಗೆ ಅದು 5.9%, 10 ಈಥರ್ ಮೌಲ್ಯದ್ದಕ್ಕೆ 0.06%. ವಹಿವಾಟು ಫೇಲ್ ಆದರೂ ಗ್ಯಾಸ್ ಹೋಗುತ್ತೆ, ಅದನ್ನೂ ಖರ್ಚಿನಲ್ಲಿ ಬರೆಯಬೇಕು. ಇದನ್ನು ಬರೆಯದೆ ಬಿಡುವವರೇ ಜಾಸ್ತಿ.

ಗ್ಯಾಸ್‌ಗಿಂತ ದೊಡ್ಡದು ಪೂಲ್‌ನ (ಸ್ವಾಪ್‌ಗೆ ಎರಡು ಟೋಕನ್ ಕೂಡಿಟ್ಟ ನಿಧಿ) ಆಳ. 100 ಈಥರ್, 2,00,000 ಯುಎಸ್‌ಡಿಸಿ (ಇನ್ನೊಂದು ಡಾಲರ್ ಕಾಯಿನ್) ಇರುವ ಯೂನಿಸ್ವಾಪ್ ವಿ2 (ಎರಡು ಮೊತ್ತಗಳ ಗುಣಲಬ್ಧ ಬದಲಾಗದಂತೆ ಬೆಲೆ ಕಟ್ಟುವ ಸ್ವಾಪ್ ತಾಣ) ಮಾದರಿಯ ಪೂಲ್ ತಗೊಳ್ಳಿ. ಬೆಲೆ 2000, ಶುಲ್ಕ 0.3%. ನೀವು 10,000 ಹಾಕ್ತೀರಿ. ಶುಲ್ಕ ಹೋಗಿ 9970. ಸಿಗೋದು 100 × 9970 ÷ 2,09,970, ಅಂದರೆ 4.748 ಈಥರ್. ನಿಮಗೆ ಬಿದ್ದ ಬೆಲೆ 2106. ಶುಲ್ಕ ಕಾಣಿಸಿದ್ದು 0.3%, ಕೊಟ್ಟದ್ದು 5.3%. ಎಕ್ಸ್‌ಚೇಂಜ್‌ನ ಆರ್ಡರ್ ಬುಕ್ (ಕಾದಿರುವ ಆರ್ಡರ್‌ಗಳ ಪಟ್ಟಿ) ತೆಳುವಿದ್ದರೆ ಮಾರ್ಕೆಟ್ ಆರ್ಡರ್‌ಗೂ (ಸಿಕ್ಕ ಬೆಲೆಗೆ ತಕ್ಷಣ ಆಗುವುದು) ಇದೇ ಗತಿ. "ಶುಲ್ಕ ಸೊನ್ನೆ" ಅನ್ನುವ ಕನ್ವರ್ಟ್ ಬಟನ್ ಒತ್ತುವ ಮೊದಲು ಅದೇ ಕ್ಷಣದ ಆರ್ಡರ್ ಬುಕ್ ಬೆಲೆ ನೋಡಿ, ಶುಲ್ಕ ಆ ಅಂತರದಲ್ಲಿ ಕೂತಿರುತ್ತೆ.

ಮೇಕರ್ ಮಾತ್ರ
ಅದಕ್ಕೇ ಲಿಮಿಟ್ (ಬೆಲೆ ನೀವೇ ಹೇಳುವ ಆರ್ಡರ್) ಹಾಕಿ, ಪೋಸ್ಟ್ ಓನ್ಲಿ (ಕಾದು ಕೂರುವ ಮೇಕರ್ ಆರ್ಡರ್ ಮಾತ್ರ) ಟಿಕ್ ಮಾಡಿ. ಟಿಕ್ ಮಾಡದಿದ್ದರೆ ಲಿಮಿಟ್ ಆರ್ಡರ್ ಕೂಡ ಎದುರಿನ ಬೆಲೆ ತಾಗಿದ ಕ್ಷಣ ಟೇಕರ್ ಆಗುತ್ತೆ. ಸ್ಪಾಟ್‌ನಲ್ಲಿ ಬೈನಾನ್ಸ್‌ನಂಥ ಕಡೆ ಬಿಎನ್‌ಬಿಯಲ್ಲಿ (ಬೈನಾನ್ಸ್‌ನ ಸ್ವಂತ ಕಾಯಿನ್) ಶುಲ್ಕ ಕಟ್ಟಿದರೆ 25% ರಿಯಾಯಿತಿ, 0.1 ಇದ್ದದ್ದು 0.075 ಆಗುತ್ತೆ. ಕೊಂಡ ಕಾಯಿನ್ ಕೂಡ ಮುಕ್ಕಾಗದೆ ಪೂರ್ತಿ ಕೈಗೆ ಬರುತ್ತೆ. ಇಷ್ಟು ಮಾಡದೆ ಲೆಕ್ಕ ಮಾತ್ರ ಮಾಡ್ತಾ ಕೂತರೆ ಏನು ಬಂತು?

ಲಾಟ್ ಲೆಕ್ಕ
ಇವರ ವಹಿವಾಟು 2400 + 1680 = 4080. ಶುಲ್ಕ 4.08. ನಿಮ್ಮ ರಿಯಾಯಿತಿಯಿಂದ ಉಳಿಯೋದು 1.02. ಅದಕ್ಕೋಸ್ಕರ ಇನ್ನೊಂದು ಕಾಯಿನ್ ಇಟ್ಟುಕೊಂಡು ಅದರ ಏರಿಳಿತ ಹೊರಬೇಕು. ಒಂದೊಂದು ಫಿಲ್‌ಗೂ ಹೋಗುವ ಚೂರುಪಾರು ಬಿಎನ್‌ಬಿ ಪುಸ್ತಕದಲ್ಲಿ ಒಂದೊಂದು ಮಾರಾಟ. ಶುಲ್ಕ ಕಟ್ಟಿದ ಕ್ಷಣದ ಬೆಲೆ ಹುಡುಕಿ ಈಥರ್‌ನ ಅಸಲಿಗೆ ಸೇರಿಸಬೇಕು. ಮಾಡಿದ್ದೀರಾ ಈ ಕೆಲಸ?

ಮೇಕರ್ ಮಾತ್ರ
ತಿಂಗಳಿಗೆ 1,00,000 ವಹಿವಾಟು ಇದ್ದರೆ ಉಳಿಯೋದು 25. ಚಿಕ್ಕ ಮೊತ್ತ ಹಿಡಿದು ಎಲ್ಲರಿಗೂ ಪಾಠ ಹೇಳಬೇಡಿ.

ಗ್ಯಾಸ್ ಕಾಗದ
ಮೇಕರ್ ಅವರೇ, ಗ್ರಿಡ್ ಬಾಟ್ (ನಿಗದಿತ ಅಂತರದಲ್ಲಿ ತಾನೇ ಕೊಂಡು ಮಾರುವ ಪ್ರೋಗ್ರಾಂ) ಓಡಿಸುವವರಿಗೆ ನಿಮ್ಮ ಮಾತು ಹೊಂದುತ್ತೆ. 0.5% ಅಂತರದ ಗ್ರಿಡ್‌ನಲ್ಲಿ ಎರಡು ಕಡೆ ಶುಲ್ಕ 0.2%. ಲಾಭದ ಐದರಲ್ಲಿ ಎರಡು ಪಾಲು ಶುಲ್ಕಕ್ಕೇ ಹೋಯ್ತು. ಆದರೆ ಬಾಟ್ ತೋರಿಸುವ "ಗ್ರಿಡ್ ಪ್ರಾಫಿಟ್"ನಲ್ಲಿ ಕೆಳಗೆ ಸಿಕ್ಕಿಬಿದ್ದ ಕಾಯಿನ್‌ನ ನಷ್ಟ ಸೇರಿರಲ್ಲ. ಆ ಅಂಕಿ ತೋರಿಸಿ ಜಂಬ ಪಡೋದು ನಿಲ್ಲಿಸಿದರೆ ಒಳ್ಳೇದು.

ಮೇಕರ್ ಮಾತ್ರ
ಬಾಟ್ ವಿಷಯ ಇಲ್ಲಿಗೆ ತಂದದ್ದು ನೀವು, ನಾನಲ್ಲ.

ತಾಳೆ ಪಟ್ಟಿ
ಪ್ರಶ್ನೆ ಕೇಳಿದವರಿಗೆ ಒಂದು ಮಾತು. ಲಾಭಕ್ಕೆ ಕೈ ಹಾಕುವ ಮೊದಲು ಕಾಯಿನ್ ಎಣಿಸಿ. ಕೊಂಡದ್ದು 1, ಮಾರಿದ್ದು 0.6, ಶುಲ್ಕಕ್ಕೆ ಹೋದದ್ದು 0.001. ವಾಲೆಟ್‌ನಲ್ಲಿ 0.399 ಇರಬೇಕು. ಶೀಟ್ 0.4 ಅನ್ನುತ್ತಿದ್ದರೆ ಕೊಳ್ಳುವ ಸಾಲುಗಳಲ್ಲಿ ಕಾಯಿನ್ ಶುಲ್ಕದ ಕಾಲಂ ಇಲ್ಲ ಅಂತಲೇ ಅರ್ಥ, ಅದನ್ನು ಸೇರಿಸಿ. 0.4 ಮಾರಲು ಹೋದರೆ ಬ್ಯಾಲೆನ್ಸ್ ಸಾಲದು ಅಂತ ಆರ್ಡರ್ ವಾಪಸ್ ಬರುವುದೂ ಇದಕ್ಕೇ.

ಒಂದು ಎಕ್ಸ್‌ಚೇಂಜ್‌ನಿಂದ ಇನ್ನೊಂದಕ್ಕೆ ಕಳಿಸಿದ್ದನ್ನು ಆಪ್ ಜೋಡಿ ಮಾಡಲಾಗದಿದ್ದರೆ ಆ ಕಡೆ ಮಾರಾಟ, ಈ ಕಡೆ ಸೊನ್ನೆ ಅಸಲಿನ ಕಾಯಿನ್ ಅಂತ ಬರೆದುಕೊಳ್ಳುತ್ತೆ. ಆಮೇಲೆ ಮಾರಿದ್ದೆಲ್ಲ ಪೂರ್ತಿ ಲಾಭ. ಕಳಿಸಿದ ಮೊತ್ತದಲ್ಲಿ ವಿತ್‌ಡ್ರಾ ಶುಲ್ಕ ಕಳೆದು ತಲುಪಿದ್ದಕ್ಕೆ ಕೈಯಾರೆ ಜೋಡಿಸಿ. ಸಿಎಸ್‌ವಿ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ, ಅಂದರೆ ವಿಶ್ವ ಪ್ರಮಾಣ ಸಮಯದಲ್ಲಿ. ಸ್ಥಳೀಯ ಸಮಯದ ಶೀಟ್ ಜೊತೆ ಬೆರೆಸಿದರೆ ಮಾರಾಟ ಖರೀದಿಗಿಂತ ಮೊದಲು ಬಂದು ಫೀಫೋ ಕೆಡುತ್ತೆ. ಸ್ಟೇಬಲ್‌ಕಾಯಿನ್ (ಯುಎಸ್‌ಡಿಟಿ, ಯುಎಸ್‌ಡಿಸಿ ಥರ ಡಾಲರ್‌ಗೆ ಕಟ್ಟಿದ್ದು) ಯಾವಾಗಲೂ 1 ಡಾಲರ್ ಅಂತ ಹಿಡಿಯಬೇಡಿ, 2023ರ ಮಾರ್ಚ್‌ನಲ್ಲಿ ಯುಎಸ್‌ಡಿಸಿ ಕೆಲಹೊತ್ತು 0.90ಕ್ಕಿಂತ ಕೆಳಗಿತ್ತು.

ಸರಾಸರಿ ಸಾಕು
ಕೊಳ್ಳುವ ಸಾಲಿನ ಶುಲ್ಕ ನಾನು ಮೊದಲ ಉತ್ತರದಲ್ಲೇ ಹೇಳಿದ್ದೆ.

ತಾಳೆ ಪಟ್ಟಿ
ನೀವು ಅಸಲಿನ ಲೆಕ್ಕ ಹೇಳಿದ್ದು. ಉಳಿದ ಕಾಯಿನ್ ಎಷ್ಟು ಅಂತ ಇಷ್ಟು ಹೊತ್ತು ಒಬ್ಬರೂ ಬರೆದಿರಲಿಲ್ಲ. 0.399ರಲ್ಲಿ ಕೊನೆಯ ಚೂರು ಮಾರಾಟಕ್ಕೆ ಸಿಗದಿರಬಹುದು. ಈಥರ್-ಯುಎಸ್‌ಡಿಟಿ ಜೋಡಿಯ ಲಾಟ್ ಸೈಜ್ (ಮಾರಬಹುದಾದ ಕನಿಷ್ಠ ತುಂಡು) ನೋಡಿಕೊಂಡು, ಉಳಿಯುವ ಧೂಳಿಗೆ ಶೀಟ್‌ನಲ್ಲಿ ಬೇರೆ ಸಾಲು ಇಡಿ.