ಸಹಾಯ ಬೇಕು: ಎನ್‌ವಿಡಿಎ (ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸಿ ಕಡತ ಮರಳಿ ಪಡೆದವರು ಇದ್ದೀರಾ?

ನಾನು ಉಡುಪಿಯವಳು, ಕಣ್ಣು ಕಾಣಿಸುವುದಿಲ್ಲ. ದುರಸ್ತಿಯಾಗಿ ಬಂದ ಲ್ಯಾಪ್‌ಟಾಪಿನಲ್ಲಿ, ಅಜ್ಜಿ ಹಾಡಿದ ಪಾಡ್ದನಗಳನ್ನು ಕೇಳಿ ಕೇಳಿ ಟೈಪ್ ಮಾಡಿಟ್ಟಿದ್ದ ವರ್ಡ್ ಕಡತಗಳೇ ಇಲ್ಲ. ಅಜ್ಜಿ ಈಗಿಲ್ಲ, ಅವು ನನಗೆ ಬೇಕೇ ಬೇಕು.

ಡಾಕ್ಯುಮೆಂಟ್ಸ್ ತೆರೆದರೆ ಎನ್‌ವಿಡಿಎ ಖಾಲಿ ಎನ್ನುತ್ತದೆ. ರೀಸೈಕಲ್ ಬಿನ್, ಒನ್‌ಡ್ರೈವ್ ಜಾಲಾಡಿದೆ. ವಿಂಡೋಸ್ ಮೇಲ್ದರ್ಜೆಗೇರಿಸಿದ್ದರೆ ಹಳೆಯದೆಲ್ಲ ಸಿ ಡ್ರೈವಿನ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರಿನಲ್ಲಿರಬಹುದು, ಸಾಮಾನ್ಯವಾಗಿ 10 ದಿನಗಳಲ್ಲಿ ಅದು ತಾನಾಗಿ ಅಳಿಯುತ್ತದೆ. ಅದಕ್ಕೇ ಈ ಅವಸರ. ಅಳಿದ ಕಡತಗಳ ಜಾಗದಲ್ಲಿ ಹೊಸತು ಕೂರಬಾರದೆಂದು ಏನನ್ನೂ ಉಳಿಸುತ್ತಿಲ್ಲ.

ಮೈಕ್ರೋಸಾಫ್ಟಿನ ವಿಂಡೋಸ್ ಫೈಲ್ ರಿಕವರಿ ಎಂಬ, ಅಳಿದ ಕಡತ ಮರಳಿ ತರುವ ತಂತ್ರಾಂಶಕ್ಕೆ ಮೌಸ್ ಬೇಡ, ಆದೇಶ ಟೈಪ್ ಮಾಡಿದರಾಯಿತು. ಬಳಸಿದವರು ಆದೇಶದ ಸಾಲನ್ನು ಅಕ್ಷರ ಅಕ್ಷರವಾಗಿ ಬರೆದು ತಿಳಿಸಿ. ದಯವಿಟ್ಟು ಸ್ಕ್ರೀನ್‌ಶಾಟ್ ಬೇಡ. ಮಣಿಪಾಲದ ಕಡೆಯವರು ಪಕ್ಕದಲ್ಲಿ ಕುಳಿತು ನೆರವಾಗುವುದಾದರೆ, ಬೇರೆ ಪೆನ್ ಡ್ರೈವ್ ಹಿಡಿದು ನಾನೇ ಬರುತ್ತೇನೆ.