ನಾಲಿಗೆಗೆ ಕಾವಲು ಬೇಡುವ ಪ್ರಾರ್ಥನೆ

ಪ್ರಶ್ನೆ:
ಸಹೋದರ ಸಹೋದರಿಯರಿಗೆ ವಂದನೆಗಳು. ನಿನ್ನೆ ಸಾರಿಗೆ ಉಪ್ಪು ಹೆಚ್ಚಾಯಿತೆಂಬಷ್ಟಕ್ಕೇ ಅತ್ತೆಯವರ ಮನಸ್ಸು ನೋಯಿಸಿಬಿಟ್ಟೆ. ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಇಂಥ ಹೊತ್ತಿನಲ್ಲಿ ಯಾವ ವಾಕ್ಯವನ್ನು ಹಿಡಿದು ಪ್ರಾರ್ಥಿಸಬೇಕು?

ಉತ್ತರ 1:
ಸಹೋದರಿಯವರೇ, ಸತ್ಯವೇದದ (ಬೈಬಲಿನ) 141ನೆಯ ಕೀರ್ತನೆಯನ್ನು ಓದಿರಿ. ಬಾಯಿಗೆ ಕಾವಲಿಡು, ತುಟಿಗಳ ಬಾಗಿಲನ್ನು ಕಾಯಿ ಎಂದು 3ನೆಯ ವಚನದಲ್ಲಿ ಬೇಡುವ ಕೀರ್ತನೆಗಾರನು, ಮರುವಚನದಲ್ಲೇ ತನ್ನ ಹೃದಯವು ಕೆಟ್ಟದ್ದರ ಕಡೆಗೆ ವಾಲದಿರಲಿ ಎಂದೂ ಕೇಳುತ್ತಾನೆ. ಬಾಗಿಲಿಗೆ ಬೀಗ ಹಾಕಿ ಒಳಗಿನ ಬೆಂಕಿಯನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲವೆಂಬುದು ಅವನಿಗೆ ತಿಳಿದಿತ್ತೆಂದು ನನ್ನ ಭಾವನೆ. ಧೂಪದ ಮತ್ತು ಸಂಜೆಯ ನೈವೇದ್ಯದ ಮಾತಿರುವುದರಿಂದ ಇದು ಸಂಜೆಯ ಪ್ರಾರ್ಥನೆಯೇ ಸರಿ. ಆದರೂ ನಾನು ಬೆಳಿಗ್ಗೆ, ಯಾರೊಡನೆಯೂ ಮಾತಾಡುವ ಮೊದಲೇ ಹೇಳಿಕೊಳ್ಳುತ್ತೇನೆ.

ಉತ್ತರ 2:
ಯಾಕೋಬನ ಪತ್ರದ 3ನೆಯ ಅಧ್ಯಾಯವನ್ನೂ ಸೇರಿಸಿಕೊಳ್ಳಿರಿ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡನ್ನು ಸುಡುವ ಕಿಡಿ ಎಂದೆಲ್ಲ ಹೋಲಿಸಿದ ಬಳಿಕ, ನಾಲಿಗೆಯನ್ನು ಯಾವ ಮನುಷ್ಯನೂ ಪಳಗಿಸಲಾರನೆಂದು ಅವನು ನೇರವಾಗಿ ಹೇಳಿಬಿಡುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಸಂಯಮವು (ಸತ್ಯವೇದದ ಹಳೆಯ ಕನ್ನಡ ಅನುವಾದದಲ್ಲಿ ಅದಕ್ಕೆ ‘ಶಮೆದಮೆ’ ಎಂಬ ಸೊಗಸಾದ ಪದವಿದೆ) ಪವಿತ್ರಾತ್ಮನ ಫಲಗಳ ಸಾಲಿನಲ್ಲಿ ಸೇರಿರುವುದು ಅದಕ್ಕಾಗಿಯೇ ಇರಬೇಕು.

ಉತ್ತರ 3:
ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂದು ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದಾರೆ. ಅತ್ತೆಯವರನ್ನು ಮಾತಾಡಿಸಿದಿರಾ?