ಅಪ್‌ಡೇಟ್: ಹಡಗಿನಾಗ ತಗೊಂಡ ಸಮುದ್ರದ ಚಿತ್ರ ಸಪಾಟಾಯ್ತು

ಮುಂಬೈಯಿಂದ ಲಕ್ಷದ್ವೀಪದ ಕ್ರೂಸ್‌ನಾಗ ಡೆಕ್ ಮ್ಯಾಲೆ ಕೂತು ಸಮುದ್ರ ಬಿಡಿಸ್ತಿದ್ದ ಕಲಾವಿದರೊಬ್ಬರ ಪರಿಚಯ ಆಗಿ, ಅವರ ಜಲವರ್ಣ ಚಿತ್ರ ತಗೊಂಡಿದ್ದೆ. ಸುತ್ತಿ ಕಲಬುರಗಿಗೆ ತರೋದ್ರಾಗ ಉಬ್ಬಿ ಸುರುಳಿಗಟ್ಟಿತ್ತು, ಏನ್ ಮಾಡ್ಲಿ ಅಂತ ಹೋದ ವಾರ ಕೇಳಿದ್ದೆ.

ಬರೀ ಪುಸ್ತಕದ ಭಾರ ಸಾಲಲಿಲ್ಲ, ತೆಗೆದ ಕೂಡ್ಲೆ ಮತ್ತ ಸುತ್ಕೊಂತು. ಇಸ್ತ್ರಿಗೆ ಧೈರ್ಯ ಬರ್ಲಿಲ್ಲ. ಕೆಲಸಕ್ಕ ಬಂದಿದ್ದು ನನ್ನ ಪ್ರಶ್ನೆಗೆ ಉತ್ತರ ಕೊಟ್ಟ ಬೀದರ್ ಅಕ್ಕಾರ ಸಲಹೆ: ಚಿತ್ರದ ಹಿಂಬದಿಗೆ ಮಾತ್ರ ಮಂಜಿನಷ್ಟು ನೀರು ಸ್ಪ್ರೇ ಮಾಡಿ, ಎರಡೂ ಕಡೆ ಬ್ಲಾಟಿಂಗ್ ಪೇಪರ್, ಮ್ಯಾಲೆ ಹಲಗಿ, ಅದರ ಮ್ಯಾಲೆ ಭಾರ. ನಾನು ಜೋಳದ ಡಬ್ಬಿ ಇಟ್ಟೆ. ಬ್ಲಾಟಿಂಗ್ ಪೇಪರ್ ಒಮ್ಮೆ ಬದಲಿಸಿದೆ. ಎರಡು ದಿನಕ್ಕ ಪೂರಾ ಸಪಾಟು. ಅಕ್ಕಾರ, ಭಾಳ ಉಪಕಾರ ಆತ್ರಿ!

ತೆರಿ ಮ್ಯಾಲಿನ ಬಿಳಿ ಚುಕ್ಕಿ ಬೂಸ್ಟು ಅಂತ ಒರೆಸಾಕ ಹೊಂಟಿದ್ದೆ. ಪುಣ್ಯಕ್ಕ ಮೊದಲು ಕಲಾವಿದರಿಗೆ ಫೋನ್ ಹಚ್ಚಿದೆ. ಹಸಿ ಬಣ್ಣದ ಮ್ಯಾಲೆ ಉಪ್ಪು ಉದುರಿಸಿ, ಒಣಗಿದ ಮ್ಯಾಲೆ ಝಾಡಿಸಿದ್ರ ಹಂಗ ನೊರಿ ಮೂಡ್ತದಂತ! ಕಲಬುರಗಿ ಅಂದ ಕೂಡ್ಲೆ "ಚಿತ್ರಕಾರ ಎಸ್.ಎಂ. ಪಂಡಿತರ ಊರಾ?" ಅಂದ್ರು. ಎದಿ ತುಂಬಿ ಬಂತು.

ಈಗ ಫ್ರೇಮ್ ಹಾಕಿಸೀನಿ. ಗಾಜು ಚಿತ್ರಕ್ಕ ತಾಗದಂಗ ನಡುವ ಮೌಂಟ್ (ಚಿತ್ರದ ಸುತ್ತ ಬರೋ ದಪ್ಪ ರಟ್ಟಿನ ಅಂಚು) ಕೊಡಿಸಿ, ಬಿಸಿಲು ಬೀಳದ ಗ್ವಾಡಿಗೆ ತೂಗು ಹಾಕೀನಿ.